ಒಪ್ಪಿಗೆಗೆ ಒಳಪಟ್ಟ ವಿಮಾನ

ಸಿಂದಗಿಯ ಬಸ್ ನಿಲ್ದಾಣದ ಎದುರಿನ ಟಿಕೆಟ್ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ನಾನು ಮಾಡಿಕೊಟ್ಟ ವಿಮಾನದ ಟಿಕೆಟ್‌ಗಳು ಇನ್ನೂರ ಆರು. ತಪ್ಪಿದ್ದು ಒಂದೂ ಇಲ್ಲ. ಡೈರಿಯ ಕೊನೆಯ ಪುಟದಲ್ಲಿ ಐದೈದರ ಗೀಟು ಎಳೆದು ಲೆಕ್ಕ ಇಟ್ಟಿದ್ದೆ. ಇನ್ನೂರ ಏಳನೆಯದು ನನ್ನ ಅಕ್ಕನದು.

ಅಕ್ಕ ಮುದ್ದೇಬಿಹಾಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷ ನರ್ಸ್ ಆಗಿದ್ದಳು. ಕೊಲ್ಲಿ ದೇಶವೊಂದರ ಆಸ್ಪತ್ರೆ ಅವಳಿಗೆ ನೇಮಕಾತಿ ಪತ್ರ ಕಳಿಸಿತ್ತು. ತಿಂಗಳ ಇಪ್ಪತ್ತರೊಳಗೆ ಹಾಜರಾಗದಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಅದರಲ್ಲೇ ಬರೆದಿತ್ತು. ಅಕ್ಕ ಮುದ್ದೇಬಿಹಾಳದ ಕೆಲಸ ಬಿಟ್ಟು, ಬಾಡಿಗೆಯ ಖೋಲಿ ಖಾಲಿ ಮಾಡಿ, ಬಾಗೇವಾಡಿಯ ನಮ್ಮ ಮನೆಗೆ ಬಂದು ಕೂತಿದ್ದಳು.

ಅದೇ ಹೊತ್ತಿಗೆ ವಿದೇಶಿ ವಿಮಾನ ಕಂಪನಿಯೊಂದು ನಮ್ಮಿಂದ ಒಂದು ರಾತ್ರಿಯ ಬಸ್ ದಾರಿಯಲ್ಲಿರುವ ವಿಮಾನ ನಿಲ್ದಾಣದಿಂದ ಆ ದೇಶಕ್ಕೆ ಹೊಸದಾಗಿ ನೇರ ವಿಮಾನ ಬಿಡುವುದಾಗಿ ಸಾರಿತು. ಮುಂಬಯಿಗೆ ಹೋಗುವ ಗೋಜಿಲ್ಲ, ನಡುವೆ ಇಳಿದು ಹತ್ತುವ ತಾಪತ್ರಯವಿಲ್ಲ. ಮೊದಲ ಹಾರಾಟ ಹದಿನಾರಕ್ಕೆ. ಎರಡನೇ ತಾರೀಖು, ಗುರುವಾರ, ಅಕ್ಕನಿಗೆ ಅದರಲ್ಲೇ ಸೀಟು ಹಿಡಿದೆ. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ 'ಸರ್ಕಾರದ ಒಪ್ಪಿಗೆಗೆ ಒಳಪಟ್ಟಿದೆ' ಎಂಬ ಅರ್ಥದ ಸಾಲಿತ್ತು. ಅದನ್ನು ಓದಿದೆ. ಅಂದಿನ ಡೈರಿಯಲ್ಲಿ ಬರೆದೂ ಇಟ್ಟೆ.

ಬರೆದಿಟ್ಟು ಏಕೆ ಸುಮ್ಮನಾದೆ ಎಂದರೆ, ನಾವು ಕಾಲುವೆಯ ಜನ. ಅಪ್ಪ ಮುಳವಾಡದ ಕಾಲುವೆಯಲ್ಲಿ ಗೇಟು ಎತ್ತಿ ಇಳಿಸಿ ನಿವೃತ್ತನಾದವನು. ನಮ್ಮ ಕಡೆ ಆಲಮಟ್ಟಿಯಲ್ಲಿ ನೀರು ಬಿಡುವ ಸಭೆ ಮುಗಿದ ಸುದ್ದಿ ಬಂದರೆ ಸಾಕು, ಕಾಲುವೆಯ ತಳ ಒಣಗಿದ್ದಾಗಲೇ ಜನ ಹೊಲ ಹದ ಮಾಡಲು ಇಳಿಯುತ್ತಾರೆ. ನೀರು ನಾಲ್ಕು ದಿನ ತಡವಾಗಬಹುದು, ಆದರೆ ಬರುತ್ತದೆ. ಸಾರಿದ ಮೇಲೆ ಉಳಿದದ್ದು ಬರೀ ಕಾಗದದ ಕೆಲಸ ಎಂದು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ವಿಮಾನವೂ ಹಾಗೇ ಎಂದುಕೊಂಡೆ.

ಎಂಟನೇ ತಾರೀಖು ಕಂಪನಿಯ ಸಂದೇಶ ಬಂತು. ಒಪ್ಪಿಗೆ ಬಾಕಿ ಇರುವುದರಿಂದ ಹಾರಾಟದ ಆರಂಭ ಮುಂದಕ್ಕೆ ಹೋಗಿದೆ, ಹೊಸ ತಾರೀಖು ತಿಳಿಸಲಾಗುವುದು. ಮಾಲೀಕನಿಗೆ ತೋರಿಸಿದೆ. ನನ್ನ ಡೈರಿಯ ದೆಸೆಯಿಂದ ನನ್ನನ್ನು 'ದಫ್ತರ್ ಬಾಯಿ' ಎಂದೇ ಕರೆಯುತ್ತಿದ್ದ ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಮುಂದಕ್ಕ ಹೋಗೈತಿ, ರದ್ದಾಗಿಲ್ಲಲ್ಲ. ಗಿರಾಕಿಗಳಿಗೆ ಏನೂ ಹೇಳಬ್ಯಾಡ್ರಿ ದಫ್ತರ್ ಬಾಯಿ. ನಿಮ್ಮ ಡೈರ್ಯಾಗ ಬರ್ಕೊಂಡು ಸುಮ್ಮ ಕೂಡ್ರಿ."

ನಾನು ಸುಮ್ಮನೆ ಕೂಡಲಿಲ್ಲ. ಎರಡು ದಿನದಲ್ಲಿ ಕಂಪನಿಯ ಮುಂಬಯಿ ಕಚೇರಿಗೆ ಹತ್ತೊಂಬತ್ತು ಸಲ ಫೋನ್ ಮಾಡಿದೆ. ಹದಿನಾರು ಸಲ ಸಂಗೀತ ಕೇಳಿಸಿದರು, ಎರಡು ಸಲ ಲೈನ್ ಕಡಿದರು, ಒಂದು ಸಲ ಒಬ್ಬ ಗುಮಾಸ್ತ ಮಾತಾಡಿದ. ಬೇಸತ್ತವನೇ ಇರಬೇಕು, ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದ.

ಮೊದಲು ಎರಡೂ ದೇಶಗಳ ನಡುವೆ ಒಪ್ಪಂದ ಇರಬೇಕು. ವಾರಕ್ಕೆ ಎಷ್ಟು ಸೀಟು, ಯಾವ ಯಾವ ಊರಿಗೆ ಎಂಬುದೆಲ್ಲ ಅದರಲ್ಲೇ ತೀರ್ಮಾನ. ಆಮೇಲೆ ಆ ದೇಶದ ಸರ್ಕಾರ, ಇದು ನಮ್ಮ ಕಂಪನಿ ಎಂದು ರಾಯಭಾರಿಗಳ ಮೂಲಕ ನಮ್ಮ ಸರ್ಕಾರಕ್ಕೆ ತಿಳಿಸಬೇಕು. ನಮ್ಮ ವಿಮಾನಯಾನದ ಅಧಿಕಾರಿಗಳು ಅವರ ಹಾರಾಟದ ಪರವಾನಗಿ, ವಿಮೆ, ಭದ್ರತೆಯ ಕಾಗದ ನೋಡಿ ಅನುಮತಿ ಕೊಡಬೇಕು. ನಿಲ್ದಾಣದವರು ಇಳಿಯುವ, ಏರುವ ವೇಳೆ ಕೊಡಬೇಕು. ಬೇಸಿಗೆಗೊಂದು, ಚಳಿಗಾಲಕ್ಕೊಂದು ವೇಳಾಪಟ್ಟಿಗೆ ಮತ್ತೆ ಒಪ್ಪಿಗೆ ಪಡೆಯಬೇಕು. ಈ ಕಂಪನಿಯ ಬಳಿ ಮಿಕ್ಕೆಲ್ಲ ಇತ್ತು. ಒಪ್ಪಂದದ ಪಟ್ಟಿಯಲ್ಲಿ ವಿಮಾನ ಹೊರಡಬೇಕಾದ ಊರಿನ ಹೆಸರೇ ಇರಲಿಲ್ಲ. ಸೇರಿಸಬೇಕಾದರೆ ಎರಡು ಸರ್ಕಾರಗಳು ಮತ್ತೆ ಕೂತು ಮಾತಾಡಬೇಕು. ನಮಗೇನು ಸಿಗುತ್ತದೆ ಎಂದು ಒಬ್ಬರು, ನಿಮ್ಮ ಪಾಲಿನ ಸೀಟೇ ನೀವು ಬಳಸಿಲ್ಲವಲ್ಲ ಎಂದು ಇನ್ನೊಬ್ಬರು.

ಊರು ಪಟ್ಟಿಯಲ್ಲಿಲ್ಲ ಎಂಬುದು ಕಂಪನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಮಾರಿದರು. ತುಂಬಿದ ಸೀಟುಗಳನ್ನು ತೋರಿಸಿ ಸರ್ಕಾರದ ಮೇಲೆ ಒತ್ತಡ ಹಾಕುವುದಕ್ಕೆ ಎಂದು ನನಗೆ ಆಗ ಅನಿಸಿತು, ಈಗಲೂ ಅನಿಸುತ್ತದೆ. ಅವರ ಚೌಕಾಸಿಯಲ್ಲಿ ಅಕ್ಕ ಒಂದು ತಲೆ.

ಇದೆಲ್ಲ ತಿಳಿದದ್ದು ಹತ್ತನೇ ತಾರೀಖು, ಶುಕ್ರವಾರ. ಅವತ್ತೇ ಅಕ್ಕನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಸೋಮವಾರ ಏನಾದರೂ ಸುದ್ದಿ ಬಂದೀತು ಎಂದು ತಡೆದೆ. ಕಾಲುವೆಯ ಬುದ್ಧಿ ಇನ್ನೂ ಹೋಗಿರಲಿಲ್ಲ.

ಭಾನುವಾರ ಬಾಗೇವಾಡಿಗೆ ಹೋದೆ. ಅಕ್ಕ ಬ್ಯಾಗಿನ ತೂಕ ಮಾಡುತ್ತಿದ್ದಳು. ಇಂಡಿ ಊರಿನಲ್ಲಿರುವ ಅವಳ ಗೆಳತಿಯೂ ಅದೇ ವಿಮಾನದ ಟಿಕೆಟ್ ಮಾಡಿಸಿದ್ದಳಂತೆ, ಅದು ಮುಂದಕ್ಕೆ ಹೋಗಿದೆ ಎಂದು ಬೆಳಿಗ್ಗೆ ಫೋನ್ ಮಾಡಿದ್ದಳಂತೆ. ನಿಜವೇ ಎಂದು ಅಕ್ಕ ಕೇಳಿದಳು. ಹೌದು ಎಂದೆ. ಯಾವಾಗ ಗೊತ್ತಾಯಿತು ಎಂದಳು. ನಾನು ಉತ್ತರ ಕೊಡುವ ಮೊದಲೇ ನನ್ನ ಚೀಲದಿಂದ ಡೈರಿ ತೆಗೆದಳು. ನಮ್ಮ ಮನೆಯಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಎಂಟನೇ ತಾರೀಖಿನ ಪುಟ ಓದಿದಳು, ಹತ್ತನೆಯದನ್ನೂ ಓದಿದಳು. ಆಮೇಲೆ ಹಿಂದಕ್ಕೆ ತಿರುವುತ್ತ ಎರಡಕ್ಕೆ ಹೋದಳು.

"ಟಿಕೆಟ್ ಮಾಡೂ ದಿನಾನೇ ಬರದೀದಿ."

"ಎಲ್ಲಾ ಟಿಕೆಟಿಗೂ ಏನರೆ ಒಂದು ಬರದಿರ್ತಾರ ಅಂದ್ಕೊಂಡೆ."

"ನಾ ಕೆಲಸ ಬಿಟ್ಟು ಕುಂತೇನಿ. ನೀ ಗೀಟು ಎಳಕೋಂತ ಕುಂತಿದ್ದಿ." ಡೈರಿಯನ್ನು ನನ್ನ ಕೈಗೆ ಕೊಡದೆ ನೆಲಕ್ಕೆ ಹಾಕಿದಳು. "ಇನ್ನ ನನ್ನ ಕೆಲಸಕ್ಕ ನೀ ಕೈ ಹಚ್ಚಬ್ಯಾಡ."

ಅಪ್ಪ ನನ್ನ ಪರ ಮಾತಾಡಬಹುದು ಎಂದು ಕಾದೆ. ಅವನು ಹೊಸ್ತಿಲಲ್ಲಿ ಕೂತು ಹೇಳಿದ್ದು ಇಷ್ಟೇ: "ಗೇಟ್ ಕೀಲಿ ನನ್ನ ಕೈಯಾಗ ಇರ್ತಿತ್ತವಾ, ಅದಕ್ಕ ಮಂದಿಗೆ ಧೈರ್ಯ ಹೇಳ್ತಿದ್ದೆ. ನಿನ್ನ ಕೈಯಾಗ ಏನಿತ್ತು?"

ಅಕ್ಕ ಮರುದಿನವೇ ವಿಜಯಪುರಕ್ಕೆ ಹೋಗಿ ಬೇರೆ ಅಂಗಡಿಯಲ್ಲಿ, ಬೇರೆ ಕಂಪನಿಯ ಟಿಕೆಟ್ ಮಾಡಿಸಿದಳು. ಮುಂಬಯಿಯಿಂದ, ನಡುವೆ ಒಂದು ಕಡೆ ಒಂಬತ್ತು ತಾಸು ಕಾಯುವಂಥದ್ದು. ಹದಿನೆಂಟಕ್ಕಿಂತ ಮೊದಲು ಸೀಟು ಇರಲಿಲ್ಲ. ಬಸ್ ಹತ್ತಿಸಲು ಬರುತ್ತೇನೆ ಎಂದೆ. ಬೇಡ ಎಂದು ಅವ್ವನ ಕೈಲಿ ಹೇಳಿಸಿದಳು.

ಇತ್ತ ಮಾಲೀಕನ ಮಾತು ಮೀರಿ, ಆ ವಿಮಾನಕ್ಕೆ ನಾನು ಟಿಕೆಟ್ ಕೊಟ್ಟಿದ್ದ ಉಳಿದ ಎಂಟು ಜನರಿಗೂ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಆರು ಜನ ಬೈದರು. ಎಂಟನೆಯ ಕರೆ ಮುಗಿಯುವ ಹೊತ್ತಿಗೆ ಮಾಲೀಕ ನನ್ನ ಕುರ್ಚಿಯ ಹಿಂದೆ ನಿಂತಿದ್ದ. ನಾಳೆಯಿಂದ ಬರಬೇಡಿ ಎಂದ. ನಾನೂ ಅವನಿಗೆ ನಮಸ್ಕಾರ ಹೇಳದೆ ಎದ್ದೆ.

ಇಪ್ಪತ್ತನೇ ತಾರೀಖು, ಸೋಮವಾರ, ಮಧ್ಯಾಹ್ನ ನಾನು ಬಾಗೇವಾಡಿಯ ಮನೆಯಲ್ಲಿದ್ದಾಗ ಅವ್ವನ ಮೊಬೈಲಿಗೆ ಅಕ್ಕನ ಕರೆ ಬಂತು. ಹಾಜರಾಗಿದ್ದಳು. ಅವಳ ಮುಂದಿನ ಹೆಸರಿನವಳಿಗೆ ಕೊಡಲು ಪತ್ರ ತಯಾರಾಗಿತ್ತಂತೆ, ಇವಳ ಕಣ್ಣೆದುರೇ ಹರಿದರಂತೆ. ಅವ್ವ ಎರಡು ಸಲ ಕಣ್ಣೊರೆಸಿಕೊಂಡಳು. ನಾನು ಫೋನಿಗೆ ಕೈ ಚಾಚಿದೆ. ಅವ್ವ ಆ ಕಡೆಯ ಮಾತು ಕೇಳಿಸಿಕೊಂಡು, ನನ್ನ ಮುಖ ನೋಡದೆ, "ಡ್ಯೂಟಿಗೆ ಹೊತ್ತಾತಂತ" ಎಂದು ಇಟ್ಟುಬಿಟ್ಟಳು.

ಆ ವಾರ ಅಕ್ಕನಿಗೆ ಏಳು ಸಲ ಫೋನ್ ಮಾಡಿದೆ. ಏಳು ಸಲವೂ ಗಂಟೆ ಹೊಡೆದು ನಿಂತಿತು. ಎಂಟನೆಯ ಸಲ ಮಾಡಲಿಲ್ಲ.