ಒಂದು ಚಮಚ ಮೊಳಕೆ ಹಿಟ್ಟು

ಗಂಟಲ ಗಡ್ಡೆಗೆ ಅಂತ ಅಕ್ಕನಿಗೆ ಆರು ವಾರ ಕರೆಂಟ್ ಕೊಟ್ಟರು. ನಮ್ಮ ಕಡೆ ರೇಡಿಯೇಷನ್ನಿಗೆ ಹಾಗೇ ಅನ್ನುವುದು. ಗಡ್ಡೆ ಕರಗಿತು, ಜೊತೆಗೆ ಬಾಯಲ್ಲಿನ ಉಗುಳೂ ಬತ್ತಿಹೋಯಿತು, ನಾಲಗೆಯ ರುಚಿಯೂ ಹೋಯಿತು. ಅವಳ ಊರು ಐ.ಡಿ.ಹಳ್ಳಿಯಿಂದ ಅವಳನ್ನು ಮಧುಗಿರಿಯ ನಮ್ಮ ಮನೆಗೆ ಕರೆತಂದಾಗ ಅನ್ನದ ಅಗುಳೂ ಇಳಿಯುತ್ತಿರಲಿಲ್ಲ. ತೆಳ್ಳಗೆ ಅಂಬಲಿ ಕೊಟ್ಟರೆ ಬರೀ ನೀರು, ಮೈಗೆ ಹತ್ತುತ್ತಿರಲಿಲ್ಲ. ಗಟ್ಟಿ ಮಾಡಿದರೆ ಗಂಟಲಲ್ಲೇ ನಿಲ್ಲುತ್ತಿತ್ತು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಪ್ರತಿ ವರ್ಷ ಕಿಣ್ವಗಳ ಪಾಠ ಮಾಡುತ್ತೇನೆ. ಉಗುಳಿನಲ್ಲಿರುವ ಕಿಣ್ವ ಪಿಷ್ಟದ ಉದ್ದನೆಯ ಸರವನ್ನು ತುಂಡು ಮಾಡಿ ಸಕ್ಕರೆಯಾಗಿಸುತ್ತದೆ. ಎಷ್ಟು ಕತ್ತರಿಸಿದರೂ ತಾನು ಸವೆಯುವುದಿಲ್ಲ, ಆದ್ದರಿಂದ ಒಂದು ಚೂರೇ ಸಾಕು. ಅದೇ ಜಾತಿಯ ಕಿಣ್ವ ಮೊಳಕೆ ಬಂದ ರಾಗಿಯಲ್ಲೂ ಇದೆ. ಇದು ಹೊಳೆದದ್ದೇ ತಡ, ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿಯದೆ ಹಿಟ್ಟು ಮಾಡಿದೆ. ಗಟ್ಟಿ ಅಂಬಲಿ ಕೊತಕೊತ ಕುದಿಯುತ್ತಿರುವಾಗಲೇ ಒಂದು ಚಮಚ ಸುರಿದೆ. ಅಂಬಲಿ ಒಂದಿಷ್ಟೂ ತೆಳ್ಳಗಾಗಲಿಲ್ಲ. ಕುದಿಸಿದರೆ ಕಿಣ್ವ ಕೆಟ್ಟುಹೋಗುತ್ತದೆ ಎಂದು ಎಷ್ಟು ಮಕ್ಕಳಿಗೆ ಬರೆಸಿಲ್ಲ ನಾನು! ನನ್ನ ವಿದ್ಯೆಯೆಲ್ಲ ಪುಸ್ತಕದ ಬದನೆಕಾಯಿ ಎಂದು ನನ್ನ ಮೇಲೇ ಸಿಟ್ಟು ಬಂತು.

ಮಾರನೆಯ ದಿನ ಬೆರಳು ತಾಳುವಷ್ಟು ಆರಿಸಿ ಹಾಕಿದೆ. ಹತ್ತು ನಿಮಿಷದಲ್ಲಿ, ಸೌಟು ನೆಟ್ಟಗೆ ನಿಲ್ಲುತ್ತಿದ್ದ ಅಂಬಲಿ ಮಜ್ಜಿಗೆಯ ಹಾಗೆ ಹರಿಯಿತು. ಅಕ್ಕ ನಿಧಾನಕ್ಕೆ ಒಂದು ಲೋಟ ಕುಡಿದಳು.

"ನೀರು ಹುಯ್ದ್ಯೇನ್ಲಾ?" ಅಂದಳು.

"ಒಂದ್ ತೊಟ್ಟೂ ಇಲ್ಲಕ್ಕ. ಹಿಟ್ಟೇ ಸಕ್ಕರೆ ಆಗೈತೆ. ಸೀ ಆಗಿಲ್ವಾ?"

"ಸೀನೂ ಇಲ್ಲ, ಉಪ್ಪೂ ಇಲ್ಲ, ಮಣ್ಣು ಕುಡ್ದಂಗೈತೆ. ಉಗುಳು ಯಾವಾಗ ಬರ್ತೈತಂತೆ?"

ಅದನ್ನು ಡಾಕ್ಟರೇ ಖಚಿತವಾಗಿ ಹೇಳಿರಲಿಲ್ಲ. ಒಂದು ಕಿಣ್ವಕ್ಕೆ ಒಂದೇ ಕೆಲಸ. ಪಿಷ್ಟ ಕತ್ತರಿಸುವ ಕಿಣ್ವ ನಾಲಗೆಗೆ ರುಚಿ ಕೊಡಲಾರದು, ಒಣಗಿದ ಬಾಯನ್ನು ಒದ್ದೆ ಮಾಡಲಾರದು. ಅವ್ವ ಹೋದ ಮೇಲೆ ನನಗೆ ತುತ್ತು ಹಾಕಿ ಬೆಳೆಸಿದವಳು ಇವಳು. ಅವಳಿಗೆ ಕೊಡಲು ನನ್ನಲ್ಲಿದ್ದದ್ದು ಆ ಒಂದು ಚಮಚ ಹಿಟ್ಟು ಮಾತ್ರ.

ತಿಂಗಳು ಕಳೆದರೂ ಉಗುಳು ಬರಲಿಲ್ಲ. ಒಂದು ಮಧ್ಯಾಹ್ನ ಅಕ್ಕ, "ಇವತ್ತು ಒಂದ್ ಮುದ್ದೆ ಮಾಡು ಕಣ್ಲಾ," ಎಂದಳು.

"ನಿಂಗೆ ಇಳಿಯಲ್ವಲ್ಲಕ್ಕ."

"ನಂಗಲ್ಲ. ನೀನು ತಿನ್ನು, ನನ್ ಎದ್ರಿಗೆ ಕುಂತ್ಕಂಡು."

ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದೆ. ಅಕ್ಕ ನನ್ನ ಮುಖ ನೋಡಲಿಲ್ಲ, ಗಂಟಲನ್ನೇ ನೋಡುತ್ತಿದ್ದಳು. ನಾನು ನುಂಗಿದಾಗಲೆಲ್ಲ ಅವಳ ಗಂಟಲೂ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಅದನ್ನು ನೋಡಲಾಗದೆ ಅರ್ಧಕ್ಕೇ ಕೈ ನಿಲ್ಲಿಸಿದೆ.

"ಯಾಕ್ಲಾ ಸಾಕು ಮಾಡ್ದೆ? ಇನ್ನೊಂದ್ ತುತ್ತು," ಅಂದಳು.