ಹೆರ್ದಿಸ್ ದಿನಾ ಹೇಳುತ್ತಿದ್ದ ಒಂದು ಹೊಗಳಿಕೆ

ಚಳಿಗಾಲದ ಬೆಳಗಿನ ಆರೂವರೆ. ಸೂರ್ಯ ಬರಲು ಇನ್ನೂ ನಾಲ್ಕೂವರೆ ಗಂಟೆಯಿದೆ; ಹೆರ್ದಿಸ್ ಅವನಿಗಾಗಿ ಕಾಯುವುದಿಲ್ಲ. ರಬ್ಬರ್ ಚಪ್ಪಲಿ ಮೆಟ್ಟಿ, ಸೋಪಿನ ಡಬ್ಬಿ ತುಂಬಿಸಿ, ಸೆಲ್‌ವಿಕ್ ಊರಿನ ಈಜುಕೊಳದ ಹೆಂಗಸರ ಸ್ನಾನದ ಕೋಣೆಯ ಮೂಲೆಯಲ್ಲಿ ನಿಲ್ಲುತ್ತಾಳೆ. ಐಸ್‌ಲ್ಯಾಂಡಿನಲ್ಲಿ ಬಟ್ಟೆಯೆಲ್ಲ ಕಳಚಿ ಸೋಪು ಹಾಕಿ ತೊಳೆಯದೆ ಯಾರೂ ಕೊಳಕ್ಕೆ ಇಳಿಯುವಂತಿಲ್ಲ. ತೊಳೆದರೋ ಇಲ್ಲವೋ ನೋಡುವುದೇ ಇವಳ ಕೆಲಸ. ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದಾಳೆ. ದಿನಕ್ಕೆ ನೂರಹನ್ನೆರಡು ಹೆಂಗಸರು, ನಾಲ್ಕು ಲೀಟರ್ ಸೋಪು. ಒಮ್ಮೆ ಒಬ್ಬ ಮಂತ್ರಿಣಿಯನ್ನು ಮೂರು ಸಲ ವಾಪಸ್ ಕಳಿಸಿದಳಂತೆ; ಆಕೆ ನಾಲ್ಕನೆಯ ಸಲ ಬರುವಷ್ಟರಲ್ಲಿ ಸರ್ಕಾರವೇ ಬಿದ್ದಿತ್ತು.

ಇಂಥ ಕಣ್ಣಿಗೂ ಒಂದು ಕಾಣಲಿಲ್ಲ. ಅದನ್ನು ಹೇಳುವಾಗ ಹೆರ್ದಿಸ್ ನೆಲ ನೋಡುತ್ತಾಳೆ.

ಉನ್ನುರ್ ಎಂಬಾಕೆ ಊರಿನ ಶಾಲೆಯಲ್ಲಿ ಲೆಕ್ಕದ ಟೀಚರ್. ಗಮನ ನಿಲ್ಲದ ತೊಂದರೆಗೆ ವೈದ್ಯರು ಚುರುಕು ಕೊಡುವ ಮಾತ್ರೆ ಬರೆದರು. ಮೊದಲು ನಿಜಕ್ಕೂ ಒಳ್ಳೆಯದಾಯಿತು. ಪರೀಕ್ಷೆ ಬಂದಾಗ ಒಂದು ಎರಡಾಯಿತು. ಆಮೇಲೆ ಲೆಕ್ಕದ ಟೀಚರಿಗೇ ಲೆಕ್ಕ ತಪ್ಪಿತು. ತಿಂಗಳ ಮಾತ್ರೆ ಹತ್ತೊಂಬತ್ತನೇ ತಾರೀಕಿಗೇ ಖಾಲಿ. ಮಾತ್ರೆಯ ಚೀಲವನ್ನು ಗಾಳಿ ಹಾರಿಸಿಕೊಂಡು ಹೋಯಿತೆಂದಳು, ವೈದ್ಯರು ನಂಬಿದರು. ನಂಬದೆ ಏನು? ಆ ವರ್ಷ ಸೆಲ್‌ವಿಕ್‌ನ ಗಾಳಿ ಎರಡು ಕೋಳಿಗೂಡು, ಒಂದು ದೋಣಿ ಹಾರಿಸಿತ್ತು. ಹಾರಿಹೋದ ಟಗರೊಂದು ಆಚೆ ದಡದ ಮಂದೆಯಲ್ಲಿ ಸಂಸಾರ ಹೂಡಿತ್ತು. ಹಾಗೆ ಮೂರು ಸಲ ತಪ್ಪು ಗಾಳಿಯ ಮೇಲೇ ಹೋಯಿತು.

ಸ್ನಾನದ ಕೋಣೆಯಲ್ಲಿ ಮಾತ್ರ ಎಲ್ಲ ಬೆತ್ತಲೆಯಾಗಿತ್ತು. ಎದ್ದುಬಂದ ಕುತ್ತಿಗೆ ಮೂಳೆ, ಬಿಸಿನೀರಿನಲ್ಲೂ ನೀಲಿಗಟ್ಟಿದ ಬೆರಳು, ಬರೀ ಬಾಯಿ ಜಗಿಯುವ ದವಡೆ, ತೋಳಿನ ಮೇಲೆ ಕೆರೆದು ಕೆರೆದು ಆದ ಗಾಯ. ಮುಂಜಾನೆಯೇ ಅರವತ್ತು ಸುತ್ತು ಈಜು, ಮನೆಯಲ್ಲಿ ಚರ್ಚಿನ ಸಂತೆಗೆಂದು ಹದಿನಾಲ್ಕು ಸ್ವೆಟರ್ ಹೆಣಿಗೆ. ನಮ್ಮ ಊರಲ್ಲಿ ಹೀಗೆ ಬಿಡದೆ ದುಡಿಯುವುದಕ್ಕಿಂತ ದೊಡ್ಡ ಗುಣವಿಲ್ಲ. ಮಗು ಚಮಚ ಹಿಡಿದರೂ ಗಟ್ಟಿಗ, ಮುದುಕ ಮೆಟ್ಟಿಲು ಹತ್ತಿದರೂ ಗಟ್ಟಿಗ. ಹೆರ್ದಿಸ್ ಕೂಡ ಅವಳಿಗೆ ಟವೆಲ್ ಕೊಡುತ್ತ ದಿನಾ ಹೇಳುತ್ತಿದ್ದಳು: “ಗಟ್ಟಿಗಿತ್ತಿ ಕಣೇ ನೀನು.” ಬಿಸಿನೀರಿನ ತೊಟ್ಟಿಯಲ್ಲಿ ಕೂತವರೆಲ್ಲ ಹೂಂಗುಟ್ಟುತ್ತಿದ್ದರು. ಹೂಂಗುಟ್ಟಿದವರಲ್ಲಿ ಈ ಊರ ಪತ್ರಿಕೆಯ ಓದುಗರೂ ಇದ್ದಾರೆ.

ಜನವರಿಯ ಒಂದು ಬೆಳಿಗ್ಗೆ ಉನ್ನುರ್ ನಲ್ಲಿಯ ಕೆಳಗೇ ಕುಸಿದು ಕೂತಳು. ಎದೆ ಹೊಡೆದುಕೊಳ್ಳುವುದು ಚರ್ಮದ ಮೇಲೇ ಕಾಣುತ್ತಿತ್ತು. ನಿನ್ನೆಯಿಂದ ಎಂಟು ನುಂಗಿದ್ದೇನೆ, ಯಾರಿಗೂ ಹೇಳಬೇಡ ಎಂದಳು. ಹೆರ್ದಿಸ್ ನೀರು ನಿಲ್ಲಿಸಿ ಆಂಬುಲೆನ್ಸ್ ಕರೆದಳು. ಜೀವ ಉಳಿಯಿತು. ಅಲ್ಲಿಂದ ದಕ್ಷಿಣದ ಚಿಕಿತ್ಸಾ ಕೇಂದ್ರದಲ್ಲಿ ಆರು ವಾರ. ಈ ಮಾತ್ರೆ ಬಿಡಿಸಲು ಬೇರೆ ಮಾತ್ರೆಯಿಲ್ಲ ಎಂದು ಅಲ್ಲಿನ ನರ್ಸ್ ವಿವರಿಸಿದರಂತೆ. ಬಿಟ್ಟಮೇಲೆ ದಿನಗಟ್ಟಲೆ ನಿದ್ದೆ, ರಾಕ್ಷಸ ಹಸಿವು, ಸತ್ತರೆ ಸಾಕೆನ್ನುವಷ್ಟು ಬೇಸರ. ಆಗ ಒಂಟಿಯಾಗಿ ಬಿಡಬಾರದು, ಕೂರಿಸಿ ಮಾತಾಡಿಸಬೇಕು.

ಮಾತಾಡಿಸಲು ಅಲ್ಲಿಗೆ ಹೋದ ಹೆರ್ದಿಸ್‌ಗೆ ಉನ್ನುರ್ ಒಂದೇ ಮಾತು ಹೇಳಿದಳು: “ನೀನು ಗಟ್ಟಿಗಿತ್ತಿ ಅನ್ನೋದು ಕೇಳೋಕೇ ಬೆಳಿಗ್ಗೆ ಒಂದು ಜಾಸ್ತಿ ನುಂಗ್ತಿದ್ದೆ.”

“ಅವತ್ತು ವಾಪಸ್ ಬರೋವಾಗ ಬಸ್ಸಲ್ಲಿ ಕಿಟಕಿ ಕಡೆ ತಿರುಗಿ ಕೂತೆ ನೋಡಿ, ಊರು ಬರೋವರೆಗೂ ಯಾರ ಮುಖಾನೂ ನೋಡ್ಲಿಲ್ಲ,” ಎನ್ನುತ್ತಾಳೆ ಹೆರ್ದಿಸ್.

ಈಗ ಅವಳು ಯಾರನ್ನೂ ಹೊಗಳುವುದಿಲ್ಲ. ಅನುಮಾನ ಬಂದರೆ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾಳೆ: ನಿದ್ದೆ ಬಂತಾ, ಊಟ ಸೇರ್ತಾ, ಮಾತ್ರೆ ತಿಂಗಳ ಕೊನೆಯವರೆಗೂ ಬರ್ತಾ? ಹೀಗೆ ಕೇಳಿಸಿಕೊಂಡ ಇಬ್ಬರಲ್ಲಿ ಒಬ್ಬಳು ಆರೋಗ್ಯ ಕೇಂದ್ರಕ್ಕೆ ಹೋದಳು; ಇನ್ನೊಬ್ಬಳು ಪುರಸಭೆಗೆ ಹೋಗಿ ದೂರು ಕೊಟ್ಟಳು. “ಅರ್ಧ ಪಾಸು,” ಎನ್ನುತ್ತಾಳೆ.

ಉನ್ನುರ್ ಊರಿಗೆ ಮರಳಿ ಎಂಟು ತಿಂಗಳಾಯಿತು. ಮಾತ್ರೆ ಮುಟ್ಟಿಲ್ಲ. ಕೊಳಕ್ಕೂ ಬಂದಿಲ್ಲ. ಹೋದ ಗುರುವಾರ ಟಿಕೆಟ್ ಕಿಟಕಿಯವರೆಗೆ ಬಂದು, ಒಳಗೆ ಹೆಂಗಸರ ದನಿ ಕೇಳಿ, ತಿರುಗಿ ಹೋದಳಂತೆ. ಸೋಮವಾರ ಮಧ್ಯಾಹ್ನ ಒಂದು ಗಂಟೆ ಹೊತ್ತು ಕೊಳವನ್ನು ತೊಳೆಯಲು ಮುಚ್ಚುತ್ತಾರೆ. ಆ ಹೊತ್ತಿನಲ್ಲಿ ಒಬ್ಬಳನ್ನು ಒಳಗೆ ಬಿಡಲು ಹೆರ್ದಿಸ್ ಮ್ಯಾನೇಜರರ ಬೆನ್ನು ಹತ್ತಿ ಒಪ್ಪಿಸಿ, ಉನ್ನುರ್ ಮನೆ ಬಾಗಿಲಿಗೆ ಚೀಟಿ ಸಿಕ್ಕಿಸಿ ಬಂದಿದ್ದಾಳೆ. ಉತ್ತರ ಬಂದಿಲ್ಲ.

“ಬಂದ್ರೆ ಬರ್ಲಿ. ಈಜೋದು ಬೇಡ. ಬಿಸಿನೀರಲ್ಲಿ ಸುಮ್ನೆ ಕೂತು ಹೋಗ್ಲಿ,” ಎನ್ನುತ್ತಾಳೆ. “ನಾನು ಆ ಕಡೆ ಮುಖ ಮಾಡ್ಕೊಂಡು ನೆಲ ಉಜ್ತಿರ್ತೀನಿ. ಸೋಪು ಹಾಕಿದ್ಲಾ ಇಲ್ವಾ ಅಂತಾನೂ ನೋಡಲ್ಲ.”