ಬಿಸಿಲಿಗಿಟ್ಟ ಅತ್ತೆಯ ಪ್ಲೇಟು

ನಾನು ಚಿಕ್ಕವಳಿದ್ದಾಗ ನಮ್ಮ ಸಿರುಗುಪ್ಪದ ಮನೆಯಲ್ಲಿ ಏನು ಒದ್ದೆಯಾದರೂ ಮದ್ದು ಒಂದೇ, ಮಾಳಿಗೆಯ ಬಿಸಿಲು. ಅಕ್ಕಿ, ಹಾಸಿಗೆ, ಉಪ್ಪಿನಕಾಯಿ ಭರಣಿ, ನೆಗಡಿಯಾದ ನಾನು, ಎಲ್ಲರೂ ಅಲ್ಲಿಗೇ. ಹಾಗಾಗಿ ನಾನು ಮಾಡಿದ್ದು ತಪ್ಪೆಂದು ಆಗ ಹೊಳೆಯಲೇ ಇಲ್ಲ ಮಕ್ಕಳೇ.

ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಬಳ್ಳಾರಿಯ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವಳು. ಮೈಕಿಲ್ಲದ ಕಾಲ. ಆಕೆ ದನಿ ಏರಿಸಿದರೆ ಕೊನೆಯ ಸಾಲಿನವರೂ ಬೀಡಿ ಆರಿಸಿ ಕೂರುತ್ತಿದ್ದರಂತೆ. ಕನ್ನಡವಾಗಲಿ ತೆಲುಗಾಗಲಿ, ಪ್ರತಿ ಹಾಡಿಗೂ ಒನ್ಸ್ ಮೋರ್! ಆಮೇಲೆ ಗಂಟಲ ಬೇನೆ ಬಂದು ದನಿ ಹೋಯಿತು, ಕಂಪನಿ ಕೈಬಿಟ್ಟಿತು. ನಮ್ಮ ಮನೆಗೆ ಬಂದಾಗ ಪಿಸುಮಾತಷ್ಟೇ ಉಳಿದಿತ್ತು. ಜೊತೆಗೆ ತಂದದ್ದು ತಾನು ಹಾಡಿದ್ದ ಒಂದೇ ಒಂದು ಗ್ರಾಮಫೋನ್ ಪ್ಲೇಟು.

ಅದನ್ನು ಕೇಳಲು ಮನೆಯಲ್ಲಿ ಗ್ರಾಮಫೋನ್ ಪೆಟ್ಟಿಗೆ ಇರಲಿಲ್ಲ. ಒಂದು ಭಾನುವಾರ ಅಪ್ಪ ಕುರುಗೋಡಿನ ಗೆಳೆಯನಿಂದ ಕೇಳಿ ತರಲು ಹೊರಟ. ಅತ್ತೆ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು ರೇಷ್ಮೆ ಸೀರೆ ಉಟ್ಟು ಕೂತಳು. ನನ್ನ ಅಕ್ಕ ಪ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಗೂಡಿನಲ್ಲಿಟ್ಟಳು. ಇನ್ನೂ ತೇವ ಇದೆಯಲ್ಲ ಎಂದು ನಾನು ಅದನ್ನು ಮಾಳಿಗೆಗೆ ಒಯ್ದು ಸಂಡಿಗೆಯ ಪಕ್ಕ ಒಣಗಲು ಇಟ್ಟೆ. ಇಟ್ಟವಳು ಮರೆತು ಆಡಲು ಹೋದೆ.

ಸಂಜೆ ಪೆಟ್ಟಿಗೆ ಬಂತು. ಒಣಗಲು ಇಟ್ಟದ್ದು ಆಗ ನೆನಪಾಗಿ ಮಾಳಿಗೆಗೆ ಓಡಿದೆ. ಪ್ಲೇಟು ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಸದ್ದಿಲ್ಲದೆ ತಂದು ಗೂಡಿನಲ್ಲೇ ಇಟ್ಟುಬಿಟ್ಟೆ. ಅಪ್ಪ ಆದರೂ ಮುಳ್ಳು ಇಟ್ಟು ನೋಡಿದ. ಗರಗರ ಸದ್ದು ಬಂತೇ ಹೊರತು ದನಿ ಬರಲಿಲ್ಲ. ಬಿಸಿಲಿಗೆ ಇಟ್ಟವರು ಯಾರೆಂದು ಗುಡುಗಿದ. ನಾನು ಅಕ್ಕನ ಕಡೆ ಬೆರಳು ತೋರಿಸಿದೆ. ಅಕ್ಕ ಏಟು ತಿಂದಳು.

"ಬಿಡೋ ತಮ್ಮ, ಹುಡುಗೀನ ಹೊಡೀಬ್ಯಾಡ," ಎಂದಳು ಅತ್ತೆ. ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ನೀ ಬಳ್ಳಾರ್ಯಾಗ ನನ್ನ ನಾಟಕಕ್ಕ ಬಂದಿದ್ದೆಲ್ಲವ್ವ. ನನ್ನ ದನಿ ಹೆಂಗಿತ್ತು, ಹೇಳು."

"ಭಾಳ ಚಲೋ ಇತ್ತು, ಅತ್ತಿ," ಎಂದೆ. ಅದೂ ಸುಳ್ಳು. ಆ ದಿನ ನಾನು ಅಕ್ಕನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ.

"ಹೋಗ್ಲಿ, ನಿನ್ನ ಕಿವ್ಯಾಗರ ಉಳೀತು," ಎಂದು ಅತ್ತೆ ನನ್ನ ತಲೆ ಸವರಿದಳು.

ಈಗ ನೀವು ನನ್ನ ಗೊರಕೆಯನ್ನೂ ಮೊಬೈಲಿನಲ್ಲಿ ಹಿಡಿದಿಟ್ಟು ನಗುತ್ತೀರಿ. ನಗಿ. ಒಂದರಲ್ಲಿ ಅಳಿಸಿದರೂ ಇನ್ನೊಂದರಲ್ಲಿ ಇರುತ್ತದೆ. ಅತ್ತೆಯ ದನಿ ಇದ್ದದ್ದು ಒಂದೇ ಪ್ಲೇಟಿನಲ್ಲಿ. ಅಕ್ಕ ಕಣ್ಣು ಮುಚ್ಚುವವರೆಗೂ ಪಾಪಿ ನಾನು ನಿಜ ಹೇಳಲಿಲ್ಲ. ಇವತ್ತು ನಿಮಗೆ ಹೇಳಿದೆ. ಆದರೆ ಆ ದನಿ ಹೇಗಿತ್ತು ಅಜ್ಜಿ ಎಂದು ಮಾತ್ರ ನನ್ನನ್ನು ಕೇಳಬೇಡಿ.